ಪಿಎಫ್ ತೆಗೆದ ವರ್ಷದ ಐಟಿ ರಿಟರ್ನ್ಸ್: ಸಾಫ್ಟ್‌ವೇರ್ ಕೇಳದ ಪ್ರಶ್ನೆ

ಕೆಲಸ ಬಿಟ್ಟಾಗ ಪಿಎಫ್ ತೆಗೆದು ಬೈಕಿನ ಸಾಲ ತೀರಿಸಿದ್ದು ಎಷ್ಟೋ ಜನರಿಗೆ ಮರೆತೇ ಹೋಗಿರುತ್ತದೆ. ನೆನಪಾಗುವುದು ರಿಟರ್ನ್ಸ್ ತುಂಬಲು ಕುಳಿತಾಗ. ಟಿಡಿಎಸ್ (ಹಣ ಕೊಡುವ ಮೊದಲೇ ಕಡಿದ ತೆರಿಗೆ) ಪುಟದಲ್ಲಿ ಪಿಎಫ್ ಕಡಿತದ ಸೆಕ್ಷನ್ ಆದ 192ಎ ಎಂಬ ಸಾಲೊಂದು ತಾನಾಗಿಯೇ ಬಂದು ಕೂತಿರುತ್ತದೆ. ಹಾಗೇ ಒಪ್ಪಿ ಮುಂದೆ ಹೋದರೆ ರಿಫಂಡ್ ದಪ್ಪಗೆ ಕಾಣುತ್ತದೆ. ಹಿಗ್ಗಬೇಡಿ. ತೆರಿಗೆ ಕಡಿತ ಲೆಕ್ಕಕ್ಕೆ ಬಂದಿದೆ, ಆ ಹಣ ಮಾತ್ರ ರಿಟರ್ನ್ಸ್‌ನಲ್ಲಿ ಎಲ್ಲೂ ಇಲ್ಲ. ಇನ್ನು ಕೆಲವರು ಹೆದರಿ ಇಡೀ ಮೊತ್ತವನ್ನು ‘ಇತರ ಆದಾಯ’ಕ್ಕೆ ತುಂಬಿ, ತಮ್ಮದೇ ಉಳಿತಾಯಕ್ಕೆ ಮತ್ತೊಮ್ಮೆ ತೆರಿಗೆ ಕಟ್ಟುತ್ತಾರೆ. ಎರಡೂ ತಪ್ಪೇ.

ಮೊದಲು ಐದು ವರ್ಷದ ಲೆಕ್ಕ ಹಾಕಿ. ಸತತ ಐದು ವರ್ಷ ಸೇವೆ ಮುಗಿಸಿ ತೆಗೆದ ಪಿಎಫ್‌ಗೆ ತೆರಿಗೆ ಇಲ್ಲ. ರಿಟರ್ನ್ಸ್ ತುಂಬುವ ಸಾಫ್ಟ್‌ವೇರ್ ಈ ಪ್ರಶ್ನೆಯನ್ನೇ ಕೇಳುವುದಿಲ್ಲ. ಹಳೆಯ ಕಂಪನಿಯ ಪಿಎಫ್ ಅನ್ನು ಹೊಸ ಕಂಪನಿಯ ಖಾತೆಗೆ ವರ್ಗಾಯಿಸಿದ್ದರೆ ಎರಡೂ ಕಡೆಯ ಸೇವೆ ಕೂಡಿಕೊಳ್ಳುತ್ತದೆ. ಯುಎಎನ್ (ಪಿಎಫ್ ಸದಸ್ಯರ ಖಾಯಂ ಸಂಖ್ಯೆ) ಒಂದೇ ಇದೆ ಅಂದಮಾತ್ರಕ್ಕೆ ಹಣ ವರ್ಗವಾಗಿದೆ ಎಂದುಕೊಳ್ಳಬೇಡಿ, ಪಾಸ್‌ಬುಕ್ ತೆರೆದು ನೋಡಿ. ಅನಾರೋಗ್ಯದಿಂದಲೋ ಕಂಪನಿ ಬಾಗಿಲು ಹಾಕಿದ್ದರಿಂದಲೋ ಕೆಲಸ ಹೋಗಿದ್ದರೆ ಐದು ವರ್ಷ ತುಂಬದಿದ್ದರೂ ವಿನಾಯಿತಿ ಇದೆ.

ಐದು ವರ್ಷ ತುಂಬಿದೆಯೇ? ಹಾಗಾದರೆ ಕೆಲಸ ಸುಲಭ. ವಿನಾಯಿತಿ ಆದಾಯದ ಪಟ್ಟಿಯಲ್ಲಿ ಸೆಕ್ಷನ್ 10(12) ಆರಿಸಿ ಮೊತ್ತ ಬರೆಯಿರಿ. ಅದರ ಮೇಲೆಯೇ 10(11) ಇರುತ್ತದೆ, ಅವಸರದಲ್ಲಿ ಕೈ ಅಲ್ಲಿಗೇ ಹೋಗುತ್ತದೆ. ಅದು ಸರ್ಕಾರಿ ಭವಿಷ್ಯ ನಿಧಿ, ಪಿಪಿಎಫ್‌ಗಳ ಮನೆ. ಖಾಸಗಿ ಕಂಪನಿಯ ಇಪಿಎಫ್‌ಗೆ 10(12).

ತುಂಬಿಲ್ಲದಿದ್ದರೆ ಪಾಸ್‌ಬುಕ್ ಹಿಡಿದು ಹಣವನ್ನು ನಾಲ್ಕು ಭಾಗ ಮಾಡಬೇಕು. ಒಂದು ಉದಾಹರಣೆ ನೋಡೋಣ. ಮೂರು ವರ್ಷ ದುಡಿದು ತೆಗೆದದ್ದು 2,14,000 ರೂಪಾಯಿ. ಅದರಲ್ಲಿ ನಿಮ್ಮ ಸಂಬಳದಿಂದ ಕಡಿತವಾದದ್ದು 1,10,000, ಅದರ ಬಡ್ಡಿ 14,000. ಕಂಪನಿ ಹಾಕಿದ್ದು 80,000, ಅದರ ಬಡ್ಡಿ 10,000. ಕಂಪನಿಯ ಪಾಲು ಮತ್ತು ಅದರ ಬಡ್ಡಿ ಸೇರಿ 90,000 ರೂಪಾಯಿ ಸಂಬಳದ ಲೆಕ್ಕಕ್ಕೆ, ‘ಪ್ರಾಫಿಟ್ಸ್ ಇನ್ ಲ್ಯೂ ಆಫ್ ಸ್ಯಾಲರಿ’ (ಸಂಬಳದ ಬದಲಿಗೆ ಬಂದ ಲಾಭ) ಎಂಬ ಕಡೆ ಹೋಗುತ್ತದೆ. ನಿಮ್ಮ ಪಾಲಿನ ಬಡ್ಡಿ 14,000 ‘ಇತರ ಮೂಲಗಳ ಆದಾಯ’. ಉಳಿದ 1,10,000 ನಿಮ್ಮದೇ ಹಣ, ಆದಾಯವಲ್ಲ.

ಇಲ್ಲೊಂದು ಗಂಟು ಇದೆ. ಆ 1,10,000ಕ್ಕೆ ಹಿಂದಿನ ವರ್ಷಗಳಲ್ಲಿ 80ಸಿ ವಿನಾಯಿತಿ (ಪಿಎಫ್‌ನಂಥ ಉಳಿತಾಯಕ್ಕೆ ಸಿಗುವ ತೆರಿಗೆ ರಿಯಾಯಿತಿ) ಪಡೆದಿದ್ದರೆ ಆಗ ಉಳಿಸಿದ ತೆರಿಗೆ ಈಗ ಮರಳಿ ಬರುತ್ತದೆ. ಕಾನೂನು ಕೇಳುವುದು ವರ್ಷವಾರು ಲೆಕ್ಕವನ್ನು: ಈ ನಿಧಿಗೆ ಮೊದಲಿನಿಂದಲೂ ಮಾನ್ಯತೆಯೇ ಇರದಿದ್ದರೆ ಆಯಾ ವರ್ಷ ಎಷ್ಟು ತೆರಿಗೆ ಬೀಳುತ್ತಿತ್ತು ಎಂದು. ರಿಟರ್ನ್ಸ್ ಫಾರ್ಮ್ ಐಟಿಆರ್-2ರ ಇತರ ಮೂಲಗಳ ಶೆಡ್ಯೂಲ್‌ನಲ್ಲಿ ಸೆಕ್ಷನ್ 111 ಎಂಬ ಕೋಷ್ಟಕ ಇರುವುದು ಇದಕ್ಕೇ. ಐಟಿಆರ್-1ರಲ್ಲಿ ಅದು ಇಲ್ಲ. 80ಸಿ ಪಡೆದವರು ಈ ಒಂದು ಕೋಷ್ಟಕಕ್ಕಾದರೂ ಆಡಿಟರ್ ಹತ್ತಿರ ಹೋಗುವುದು ವಾಸಿ. ಶುರುವಿನಿಂದಲೂ ಹೊಸ ತೆರಿಗೆ ಪದ್ಧತಿಯಲ್ಲೇ ಇದ್ದವರು 80ಸಿ ಪಡೆದಿರುವುದಿಲ್ಲ, ಅವರಿಗೆ ಈ ತಲೆನೋವಿಲ್ಲ.

ಈಗ ಟಿಡಿಎಸ್ ಪುಟಕ್ಕೆ ಬನ್ನಿ. ತೆಗೆದ ಮೊತ್ತ 50,000 ಅಥವಾ ಹೆಚ್ಚಿದ್ದು ಐದು ವರ್ಷ ತುಂಬಿರದಿದ್ದರೆ 192ಎ ಪ್ರಕಾರ ಶೇ 10 ಕಡಿತವಾಗಿರುತ್ತದೆ. ಪ್ಯಾನ್ ಕೊಡದಿದ್ದರೆ ಶೇ 20. ಇಲ್ಲಿರುವ ಅಂಕಿ ಫಾರ್ಮ್ 26ಎಎಸ್‌ನಲ್ಲಿರುವುದಕ್ಕೆ (ನಿಮ್ಮ ಹೆಸರಿನಲ್ಲಿ ಕಡಿತವಾದ ತೆರಿಗೆಯ ಇಲಾಖೆ ಪಟ್ಟಿ) ಪೈಸೆ ಪೈಸೆ ಹೊಂದಬೇಕು. ಅಲ್ಲಿರುವ ಪಾವತಿ ದಿನಾಂಕವನ್ನೂ ನೋಡಿ, ಮಾರ್ಚ್ ಕೊನೆಯಲ್ಲಿ ಅರ್ಜಿ ಹಾಕಿದವರಿಗೆ ವರ್ಷವೇ ಅದಲುಬದಲಾಗುವುದುಂಟು. ನೀವು ಮರಳಿ ಕೇಳಿದ ಟಿಡಿಎಸ್‌ಗೆ ತಕ್ಕ ಆದಾಯ ರಿಟರ್ನ್ಸ್‌ನಲ್ಲಿ ಕಾಣದಿದ್ದರೆ ಇಲಾಖೆಯ ಕಂಪ್ಯೂಟರ್ ತಕರಾರು ತೆಗೆಯುತ್ತದೆ. ಅದಕ್ಕೇ ತೆರಿಗೆ ಬೀಳದ ನಿಮ್ಮ ಪಾಲನ್ನೂ ವಿನಾಯಿತಿ ಆದಾಯದಲ್ಲಿ ತೋರಿಸಿ ಒಟ್ಟು ಮೊತ್ತ ಸರಿಹೊಂದಿಸುವ ರೂಢಿ ಇದೆ.

15ಜಿ (ನನ್ನ ಆದಾಯಕ್ಕೆ ತೆರಿಗೆ ಬೀಳದು ಎಂಬ ಘೋಷಣಾ ಫಾರ್ಮ್) ಕೊಟ್ಟು ಟಿಡಿಎಸ್ ತಪ್ಪಿಸಿಕೊಂಡವರದು ಉಲ್ಟಾ ಕಥೆ. ಕಡಿತವೇ ಆಗದ್ದರಿಂದ ಟಿಡಿಎಸ್ ಪುಟ ಖಾಲಿ, ತೆರಿಗೆಯೂ ಇಲ್ಲ ಎಂಬ ಭ್ರಮೆ. 50,000ಕ್ಕಿಂತ ಕಡಿಮೆ ತೆಗೆದವರಿಗೂ ಹೀಗೇ ಆಗುತ್ತದೆ. ಆದಾಯವನ್ನು ನೀವೇ ಕೈಯಾರೆ ತುಂಬಬೇಕು.

ಎಐಎಸ್ (ಇಲಾಖೆಯ ಬಳಿ ಇರುವ ನಿಮ್ಮ ವರ್ಷದ ಹಣಕಾಸು ವಿವರಪಟ್ಟಿ) ತೆರೆದು ಅಲ್ಲಿಯೂ ಈ ಮೊತ್ತ ಕಂಡರೆ, ಐದು ವರ್ಷ ತುಂಬಿದವರು ‘ಈ ಆದಾಯಕ್ಕೆ ತೆರಿಗೆ ಇಲ್ಲ’ ಎಂಬ ಪ್ರತಿಕ್ರಿಯೆ ದಾಖಲಿಸಬಹುದು.

ಇಷ್ಟಾದರೂ ‘ದೋಷಯುಕ್ತ ರಿಟರ್ನ್’ ಎಂಬ 139(9) ನೋಟಿಸ್ ಬಂದರೆ ಗಾಬರಿ ಬೇಡ. ಅದು ದಂಡದ ಪತ್ರವಲ್ಲ. ಉತ್ತರಿಸಲು 15 ದಿನ ಇರುತ್ತದೆ. ನೋಟಿಸ್ ಬರುವ ಮೊದಲೇ ತಪ್ಪು ನಿಮ್ಮ ಕಣ್ಣಿಗೆ ಬಿದ್ದರೆ ಗಡುವಿನೊಳಗೆ ಪರಿಷ್ಕೃತ ರಿಟರ್ನ್ ಹಾಕಿ, 30 ದಿನದೊಳಗೆ ಇ-ವೆರಿಫೈ ಮಾಡಿ. ಪಾಸ್‌ಬುಕ್‌ನ ಪಿಡಿಎಫ್ ಅನ್ನು ಇವತ್ತೇ ಇಳಿಸಿ ಇಟ್ಟುಕೊಳ್ಳಿ, ನಾಲ್ಕು ಭಾಗದ ಲೆಕ್ಕಕ್ಕೆ ನಿಮ್ಮ ಹತ್ತಿರ ಇರುವ ಪುರಾವೆ ಅದೊಂದೇ.