ನಾಯಕರ ಅಂತಿಮ ದರ್ಶನಕ್ಕೆ ಹೊರಡುವ ಮೊದಲು

ದೇಶದ ದೊಡ್ಡ ನಾಯಕರು ತೀರಿಕೊಂಡಾಗ ಕೊನೆಯ ಸಲ ನೋಡಬೇಕು ಅನ್ನಿಸುತ್ತದೆ ಅಲ್ವಾ? ಖಂಡಿತ ಹೋಗಿ. ಆದರೆ ತಯಾರಾಗಿ ಹೋಗಿ. 2022ರಲ್ಲಿ ಲಂಡನ್ನಿನಲ್ಲಿ ರಾಣಿ ಎರಡನೇ ಎಲಿಜಬೆತ್ ಅವರ ದರ್ಶನಕ್ಕೆ ಒಂದು ಹಂತದಲ್ಲಿ 24 ಗಂಟೆ ಕಾಯಬೇಕಾಗುತ್ತದೆ ಎಂದು ಸರ್ಕಾರವೇ ಹೇಳಿತ್ತು. ಹಾಗಾಗಿ ಕಾಲಿಗೆ ಒಗ್ಗಿದ ಬೂಟು, ನೀರು, ದಿನಾ ತೆಗೆದುಕೊಳ್ಳುವ ಮಾತ್ರೆ ಇರಲಿ. ದೊಡ್ಡ ಬ್ಯಾಗ್ ಬೇಡ, ತಪಾಸಣೆಯಲ್ಲೇ ತಡೆಯುತ್ತಾರೆ.

ನನಗೆ ಜಾಸ್ತಿ ಚಿಂತೆ ಇರುವುದು ನೂಕುನುಗ್ಗಲಿನದು. 1953ರಲ್ಲಿ ಮಾಸ್ಕೋದಲ್ಲಿ ಸ್ಟಾಲಿನ್ ಅವರನ್ನು ನೋಡಲು ಬಂದವರಲ್ಲಿ ಎಷ್ಟೋ ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಎರಡೂ ಕಡೆಯ ಜನರ ಭುಜ ನಿಮಗೆ ಒತ್ತುತ್ತಿದೆ, ನಿಮ್ಮಿಷ್ಟದಂತೆ ತಿರುಗಲು ಆಗುತ್ತಿಲ್ಲ ಅನ್ನಿಸಿದ ತಕ್ಷಣ ಹೊರಗೆ ಬರಲು ಶುರು ಮಾಡಿ, ಇನ್ನೂ ಸ್ವಲ್ಪ ಮುಂದೆ ಹೋಗೋಣ ಅಂತ ಕಾಯಬೇಡಿ. ಎರಡೂ ಕೈ ಮಡಚಿ ಎದೆಯ ಮುಂದೆ ಇಟ್ಟುಕೊಳ್ಳಿ, ಉಸಿರಾಡಲು ಜಾಗ ಸಿಗುತ್ತದೆ. ಜನರ ಅಲೆಗೆ ಎದುರಾಗಿ ತಳ್ಳಬೇಡಿ. ಅದು ನಿಂತಾಗ ಓರೆಯಾಗಿ ಅಂಚಿನ ಕಡೆ ಸರಿಯಿರಿ. ಗೋಡೆ, ಬ್ಯಾರಿಕೇಡ್ ಹತ್ತಿರ ಮಾತ್ರ ನಿಲ್ಲಬೇಡಿ. ಫೋನ್ ಬಿದ್ದರೂ ಬಗ್ಗಬೇಡಿ. ಚಿಕ್ಕ ಮಕ್ಕಳನ್ನು ದಯವಿಟ್ಟು ಕರೆದುಕೊಂಡು ಹೋಗಬೇಡಿ.

ಪಾರ್ಥಿವ ಶರೀರದ ಮುಂದೆ ಸಿಗುವುದು ಕೆಲವೇ ಕ್ಷಣ. ಸೆಲ್ಫಿ ಬೇಡ. ತಲೆಬಾಗಿ ಮುಂದೆ ನಡೆಯಿರಿ.

ಹೋಗಲು ಆಗದಿದ್ದರೆ ಸಂತಾಪ ಪುಸ್ತಕದಲ್ಲಿ ಎರಡು ಸಾಲು ಬರೆಯಿರಿ. ಸುಮ್ನೆ ದೊಡ್ಡ ಮಾತು ಬೇಕಿಲ್ಲ, ಅವರ ಯಾವ ಕೆಲಸ ನಿಮ್ಮ ಬದುಕನ್ನು ಮುಟ್ಟಿತೋ ಅದನ್ನೇ ಬರೆಯಿರಿ. ಬಾವುಟ ಅರ್ಧಕ್ಕೆ ಇಳಿಸುವ ಜವಾಬ್ದಾರಿ ನಿಮ್ಮದಾಗಿದ್ದರೆ ಮೊದಲು ತುದಿಯವರೆಗೆ ಏರಿಸಿ, ಆಮೇಲೆ ಇಳಿಸಿ. ಸಂಜೆ ತೆಗೆಯುವಾಗಲೂ ಅಷ್ಟೇ, ಮತ್ತೆ ತುದಿಗೆ ಏರಿಸಿಯೇ ಪೂರ್ತಿ ಇಳಿಸಬೇಕು.