ಐಟಿಐ ಸಿಲಬಸ್ ಪರಿಷ್ಕರಣೆ: ವೈಂಡಿಂಗ್ ಅಂಗಡಿಯಿಂದ ಶುರು ಮಾಡಿ

'ಸಿಲಬಸ್ ಹಳೇದಾಯ್ತು' ಎಂಬ ಮಾತು ಶಿವಮೊಗ್ಗದ ಯಾವ ವರ್ಕ್‌ಶಾಪಿಗೆ ಹೋದರೂ ಕಿವಿಗೆ ಬೀಳುತ್ತದೆ. ಐಟಿಐ ಪಾಸಾದ ಹುಡುಗರನ್ನು ಕೆಲಸಕ್ಕೆ ಇಟ್ಟುಕೊಂಡವರು ಹೇಳುತ್ತಾರೆ, ಪಾಠ ಮಾಡುವ ಕಿರಿಯ ತರಬೇತಿ ಅಧಿಕಾರಿಗಳೂ ಹೇಳುತ್ತಾರೆ. ಆದರೆ ಯಾವ ಪಾಠ ಹಳೆಯದು, ಅದರ ಜಾಗಕ್ಕೆ ಏನು ಬರಬೇಕು, ಅದಕ್ಕೆ ಎಷ್ಟು ಗಂಟೆ ಬೇಕು ಎಂದು ಕೇಳಿ ನೋಡಿ. ಅಲ್ಲಿಗೆ ಮಾತು ನಿಂತುಬಿಡುತ್ತದೆ. ಆ ಮೂರು ಪ್ರಶ್ನೆಗೆ ಉತ್ತರ ಹುಡುಕುವುದೇ ಸಿಲಬಸ್ ಪರಿಶೀಲನೆ. ಅದನ್ನು ಒಂದು ಸಣ್ಣ ಊರಿನ ಐಟಿಐ ಕೂಡ ಮಾಡಬಹುದು. ಉದಾಹರಣೆಗೆ ಎಲೆಕ್ಟ್ರಿಷಿಯನ್ ಟ್ರೇಡ್ ತೆಗೆದುಕೊಳ್ಳೋಣ. ಹೊಸನಗರದಿಂದ ಭದ್ರಾವತಿವರೆಗೆ ಅದು ಬೇಡದ ಊರಿಲ್ಲ.

ಮೊದಲು: ಸಿಲಬಸ್ ಯಾರದ್ದು, ನಿಮ್ಮ ಕೈಲಿ ಏನಿದೆ?

ಐಟಿಐ ಸಿಲಬಸ್ ಇಡೀ ದೇಶಕ್ಕೆ ಒಂದೇ. ಕೇಂದ್ರ ಕೌಶಲಾಭಿವೃದ್ಧಿ ಸಚಿವಾಲಯದ ಕೆಳಗಿರುವ ತರಬೇತಿ ಮಹಾನಿರ್ದೇಶನಾಲಯ, ಅಂದರೆ ಡಿಜಿಟಿ, ಅದನ್ನು ಹೊರಡಿಸುತ್ತದೆ. ಬರೆಯುವ, ತಿದ್ದುವ ಕೆಲಸ ಕೋಲ್ಕತ್ತದ ಸಿಸ್ಟಾರಿ ಸಂಸ್ಥೆಯದ್ದು. ಅಲ್ಲಿ ಆಯಾ ಟ್ರೇಡಿನ ಸಮಿತಿ ಕೂತು ಚರ್ಚೆ ಮಾಡುತ್ತದೆ. ಡಿಪ್ಲೊಮಾ ಕಥೆಯೇ ಬೇರೆ. ಪಾಲಿಟೆಕ್ನಿಕ್ ಪಠ್ಯಕ್ರಮ ನಮ್ಮ ರಾಜ್ಯದ ತಾಂತ್ರಿಕ ಶಿಕ್ಷಣ ಇಲಾಖೆಯದ್ದೇ. ಸಿ-15, ಸಿ-20 ಎಂದು ಕರೆಯುವುದು ಅದು ಜಾರಿಗೆ ಬಂದ ವರ್ಷದ ಲೆಕ್ಕದಲ್ಲಿ.

ಹಾಗಾದರೆ ಐಟಿಐ ಶಿಕ್ಷಕರ ಕೈಲಿ ಏನೂ ಇಲ್ವಾ? ಇದೆ. 2022ರ ಪರಿಷ್ಕರಣೆ ಪ್ರಕಾರ ಎಲೆಕ್ಟ್ರಿಷಿಯನ್ ಮೊದಲ ವರ್ಷಕ್ಕೆ 1,200 ಗಂಟೆ. ಅದರಲ್ಲಿ 840 ಪ್ರಾಕ್ಟಿಕಲ್, 240 ಥಿಯರಿ, 120 ಉದ್ಯೋಗ ಕೌಶಲ. ಇದರ ಜೊತೆಗೆ ವರ್ಷಕ್ಕೆ 150 ಗಂಟೆ ಕೆಲಸದ ಜಾಗದಲ್ಲೇ ತರಬೇತಿ, ಅದಾಗದಿದ್ದರೆ ಗುಂಪು ಪ್ರಾಜೆಕ್ಟ್. ಎಲ್ಲಿಗೆ ಕಳಿಸಬೇಕು, ಯಾವ ಪ್ರಾಜೆಕ್ಟ್ ಕೊಡಬೇಕು ಎಂದು ಯೋಚಿಸಬೇಕಾದವರು ನೀವೇ. ಎಷ್ಟೋ ಕಡೆ ಈ 150 ಗಂಟೆ ಕಾಗದದ ಮೇಲೆ ಕಳೆದುಹೋಗುತ್ತದೆ. ಮಲೆನಾಡಿಗೆ ಬೇಕಾದ್ದನ್ನು ಸೇರಿಸಲು ಯಾರ ಅನುಮತಿಗೂ ಕಾಯಬೇಕಿಲ್ಲದ ಜಾಗ ಅದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಒಂದನೇ ಹೆಜ್ಜೆ: ಸಿಲಬಸ್ ಪೂರ್ತಿ ಓದಿ

ಸುಮ್ನೆ ಹೇಳುತ್ತಿಲ್ಲ. ಈಗಿನ ಸಿಲಬಸ್ ಭಾರತ್ ಸ್ಕಿಲ್ಸ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಪ್ರಿಂಟ್ ತೆಗೆದು, ಪೆನ್ಸಿಲ್ ಹಿಡಿದು ಕೂರಿ. 'ಸೋಲಾರ್ ಇಲ್ಲವೇ ಇಲ್ಲ' ಎಂದು ದೂರುವವರಿದ್ದಾರೆ. ಸೋಲಾರ್ ಇದೆ. ಎಲೆಕ್ಟ್ರಿಷಿಯನ್ ಎರಡನೇ ವರ್ಷದಲ್ಲಿ ಪ್ಯಾನೆಲ್ ಜೋಡಿಸಿ ದೀಪ ಉರಿಸುವ ಅಭ್ಯಾಸ ಬರುತ್ತದೆ. ಆದರೆ 2024ರ ಫೆಬ್ರುವರಿಯಲ್ಲಿ ಪಿಎಂ ಸೂರ್ಯ ಘರ್ ಯೋಜನೆ ಬಂದ ಮೇಲೆ ಜನ ಕೇಳುತ್ತಿರುವುದು ಮೆಸ್ಕಾಂ ಲೈನಿಗೆ ಜೋಡಿಸುವ ಚಾವಣಿ ಸೋಲಾರ್. 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಸಿಗುವುದು ಅದಕ್ಕೆ. ಅಲ್ಲಿ ಐದಾರು ಪ್ಯಾನೆಲ್ ಸರಣಿಯಲ್ಲಿ ಸೇರಿದರೆ 200 ವೋಲ್ಟ್ ದಾಟಿದ ಡಿಸಿ ಇರುತ್ತದೆ. ಬಿಸಿಲಿರುವ ತನಕ ಅದನ್ನು ಆಫ್ ಮಾಡಲು ಬರುವುದಿಲ್ಲ. ಎಸಿಯಂತೆ ಡಿಸಿ ಕಿಡಿ ತಾನಾಗಿ ಆರುವುದಿಲ್ಲ, ಹಾಗಾಗಿ ಎಸಿಗೆಂದೇ ಮಾಡಿದ ಎಂಸಿಬಿ (ಕರೆಂಟ್ ತಾನಾಗಿ ಕಡಿಯುವ ಸ್ವಿಚ್) ಹಾಕಿದರೆ ಬೆಂಕಿಗೆ ದಾರಿ. ಮೇಲಾಗಿ ನಮ್ಮದು ಹಂಚಿನ ಮಾಡು. ರೀಪು, ಪಕಾಸಿ ಭಾರ ತಡೆಯುತ್ತವಾ, ಪಕ್ಕದ ಅಡಿಕೆ ಮರದ ನೆರಳು ಎಷ್ಟು ಹೊತ್ತಿಗೆ ಪ್ಯಾನೆಲ್ ಮೇಲೆ ಬೀಳುತ್ತದೆ ಎಂದು ನೋಡಲು ಬರಬೇಕು.

ಅಂದರೆ ವಿಷಯ ಇದೆ, ಆಳ ಸಾಲದು. ಇದೂ, ವಿಷಯವೇ ಇಲ್ಲದಿರುವುದೂ ಬೇರೆ ಬೇರೆ ತೊಂದರೆ, ಪರಿಹಾರವೂ ಬೇರೆ. ಓದುವಾಗ ಪ್ರತಿ ಅಭ್ಯಾಸದ ಎದುರು ಒಂದು ಗುರುತು ಹಾಕಿ: ಇರಲಿ, ಕಿರಿದಾಗಲಿ, ಆಳವಾಗಲಿ, ಗೊತ್ತಿಲ್ಲ. 'ಗೊತ್ತಿಲ್ಲ' ಎಂಬುದೇ ಜಾಸ್ತಿ ಬಂದರೆ ಒಳ್ಳೆಯದು. ಮುಂದಿನ ಹೆಜ್ಜೆಗೆ ಅದೇ ಪ್ರಶ್ನೆಪಟ್ಟಿ.

ಎರಡನೇ ಹೆಜ್ಜೆ: ಪಾಸಾದವರನ್ನು ಹುಡುಕಿ

ಕಳೆದ ವರ್ಷ ಪಾಸಾದ ಬ್ಯಾಚ್ ಒಂದು, ಮೂರು ವರ್ಷದ ಹಿಂದಿನ ಬ್ಯಾಚ್ ಇನ್ನೊಂದು. ಹೆಚ್ಚಿನವರ ನಂಬರ್ ವಾಟ್ಸಾಪ್ ಗುಂಪಿನಲ್ಲಿ ಇರುತ್ತದೆ. ಫೋನ್ ಮಾಡಿ ಈಗೇನು ಕೆಲಸ, ಮೊದಲ ತಿಂಗಳು ಯಾವುದು ಕಷ್ಟವಾಯಿತು, ಐಟಿಐನಲ್ಲಿ ಕಲಿತದ್ದು ಯಾವುದು ಕೈಹಿಡಿಯಿತು, ಯಾವುದನ್ನು ಇವತ್ತಿನವರೆಗೂ ಮುಟ್ಟಿಲ್ಲ ಎಂದು ಕೇಳಿ. ಟ್ರೇಡ್ ಬಿಟ್ಟು ಬೇರೆ ಕೆಲಸಕ್ಕೆ ಹೋದವರನ್ನೂ ಬಿಡಬೇಡಿ. ಅವರು ಯಾಕೆ ಬಿಟ್ಟರು ಎಂಬುದರಲ್ಲಿ ಸಿಲಬಸ್ಸಿನ ಪಾಲೂ ಇರಬಹುದು.

ಇದು ಯಾಕೆ ಬೇಕು ಅಂದರೆ, ನಮ್ಮ ಜಿಲ್ಲೆಯ ಕೆಲಸದ ನಕ್ಷೆಯೇ ಬದಲಾಗಿದೆ. ಒಂದು ಕಾಲಕ್ಕೆ ಫಿಟರ್, ಟರ್ನರ್ ಆದವರ ಕಣ್ಣು ಭದ್ರಾವತಿಯ ಉಕ್ಕಿನ ಕಾರ್ಖಾನೆ, ಕಾಗದದ ಕಾರ್ಖಾನೆ ಮೇಲೆ ಇರುತ್ತಿತ್ತು. ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಉಕ್ಕಿನ ಕಾರ್ಖಾನೆಯಲ್ಲೂ ಹಿಂದಿನಷ್ಟು ಜನ ಇಲ್ಲ. ಈಗ ಪಾಸಾದವರು ಮಾಚೇನಹಳ್ಳಿಯ ಕಾರ್ಖಾನೆಗಳಲ್ಲಿ, ಆಟೋ ಕಾಂಪ್ಲೆಕ್ಸಿನ ಶೆಡ್ಡುಗಳಲ್ಲಿ, ಬೆಂಗಳೂರಿನಲ್ಲಿ, ಇಲ್ಲವೇ ತಮ್ಮೂರಲ್ಲೇ ಸ್ವಂತ ಕೆಲಸದಲ್ಲಿ ಇದ್ದಾರೆ. ದೊಡ್ಡ ಕಾರ್ಖಾನೆಯಲ್ಲಿ ಒಬ್ಬನಿಗೆ ಒಂದೇ ಕೆಲಸ. ಊರಿನ ಎಲೆಕ್ಟ್ರಿಷಿಯನ್‌ಗೆ ಹಾಗಲ್ಲ. ಬೆಳಿಗ್ಗೆ ಮನೆ ವೈರಿಂಗ್, ಮಧ್ಯಾಹ್ನ ಪಂಪ್‌ಸೆಟ್, ಸಂಜೆ ಅಡಿಕೆ ಸುಲಿಯುವ ಯಂತ್ರದ ಮೋಟರ್.

ಮೂರನೇ ಹೆಜ್ಜೆ: ಕೆಲಸ ಬಲ್ಲವರನ್ನು ಕೂರಿಸಿ

ಇಡೀ ಪರಿಶೀಲನೆಯ ಜೀವ ಇಲ್ಲಿದೆ. 1960ರ ದಶಕದ ಕೊನೆಯಲ್ಲಿ ಕೆನಡಾದಲ್ಲಿ ಶುರುವಾದ 'ಡೇಕಮ್' ಎಂಬ ಕ್ರಮವೊಂದಿದೆ. ಒಂದು ಕೆಲಸ ಹೇಗೆ ನಡೆಯುತ್ತದೆ ಎಂದು ಅದನ್ನು ದಿನಾ ಚೆನ್ನಾಗಿ ಮಾಡುವವನಷ್ಟು ಸರಿಯಾಗಿ ಬೇರೆ ಯಾರೂ ಹೇಳಲಾರರು ಎಂಬುದು ಅದರ ನಂಬಿಕೆ. ಐದರಿಂದ ಹನ್ನೆರಡು ಮಂದಿ ಪಳಗಿದ ಕೆಲಸಗಾರರನ್ನು ಎರಡು ದಿನ ಒಟ್ಟಿಗೆ ಕೂರಿಸಿ, ಅವರು ಮಾಡುವ ಒಂದೊಂದು ಕೆಲಸವನ್ನೂ ಒಂದೊಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸುತ್ತಾರೆ. ಶಿಕ್ಷಕರು ಕೂರಬಹುದು, ಆದರೆ ಬಾಯಿ ಹಾಕುವಂತಿಲ್ಲ. ಈ ನಿಯಮ ಪಾಲಿಸುವುದು ನಮಗೆ ಕಷ್ಟ, ಪಾಲಿಸಲೇಬೇಕು.

ಯಾರನ್ನು ಕರೆಯಬೇಕು? ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿಕೊಡುವ ವೈಂಡಿಂಗ್ ಅಂಗಡಿಯವರು, ಮನೆ ವೈರಿಂಗ್ ಮಾಡುವವರು, ಲೈನ್‌ಮನ್, ಕಾರ್ಖಾನೆಯ ಮೇಂಟೆನೆನ್ಸ್ ಎಲೆಕ್ಟ್ರಿಷಿಯನ್, ಸೋಲಾರ್ ಕೂರಿಸುವವರು. ಮಾಲೀಕರಿಗಿಂತ ಕೈಯಾರೆ ಕೆಲಸ ಮಾಡುವವರು ಬರಲಿ. ಎರಡು ದಿನದ ಕೂಲಿ ಕೊಡಿ. ಬಿಟ್ಟಿ ಕರೆದರೆ ಬರುವುದಿಲ್ಲ, ಬಂದರೂ ಮಧ್ಯಾಹ್ನಕ್ಕೆ ಹೊರಡುತ್ತಾರೆ. ಬೇಸಿಗೆಯಲ್ಲಂತೂ ಬೇಡ. ಜನವರಿಯಿಂದ ಮಳೆ ಹಿಡಿಯುವ ತನಕ ತೋಟಕ್ಕೆ ನೀರು ಹಾಯಿಸುವ ಕಾಲ, ವೈಂಡಿಂಗ್ ಅಂಗಡಿಯವರಿಗೆ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಅಡಿಕೆ ಕೊನೆ ಕೊಯ್ಲಿನ ಸಮಯವೂ ಆಗುವುದಿಲ್ಲ. ಆಷಾಢದ ಮಳೆಯಲ್ಲಿ ಕಟ್ಟಡದ ಕೆಲಸ ನಿಂತಿರುತ್ತದೆ, ಮೋಟರ್ ಓಡುವುದಿಲ್ಲ. ಆಗ ಕರೆಯಿರಿ.

ಚೀಟಿಯಲ್ಲಿ ಏನು ಬರೆಯಬೇಕು ಎಂಬುದಕ್ಕೆ ಒಂದು ಕೆಲಸ ಹತ್ತಿರದಿಂದ ನೋಡೋಣ. ವೈಂಡಿಂಗ್ ಅಂಗಡಿಯವರ ಮಾತು ಹೀಗಿರುತ್ತದೆ: 'ಹುಡುಗ ಕಾಯಿಲ್ ಚೆನ್ನಾಗಿ ಸುತ್ತುತ್ತಾನೆ ಸರ್. ಆದರೆ ಮೋಟರ್ ಯಾಕೆ ಸುಟ್ಟಿತು ಅಂತ ಕೇಳಿದ್ರೆ ಹೇಳೋಕೆ ಬರಲ್ಲ. ಕಾರಣ ಹುಡುಕದೆ ಸುತ್ತಿ ಕೊಟ್ರೆ ಹದಿನೈದು ದಿನಕ್ಕೆ ಅದೇ ಮೋಟರ್ ಮತ್ತೆ ಬರುತ್ತೆ.' ಆಗ ಚೀಟಿಯ ತಲೆಬರಹ 'ಮೋಟರ್ ರಿವೈಂಡಿಂಗ್' ಆಗಬಾರದು. 'ಸುಟ್ಟ ಮೋಟರ್ ನೋಡಿ ಕಾರಣ ಹೇಳುವುದು' ಎಂದು ಬೇರೆಯೇ ಚೀಟಿ ಬೇಕು. ಅದರ ಒಳಗಿನ ಹೆಜ್ಜೆಗಳನ್ನು ಅವರೇ ಬಿಡಿಸಿ ಹೇಳುತ್ತಾರೆ.

ಮೋಟರ್ ಬಿಚ್ಚಿದಾಗ ಮೂರೂ ಫೇಸಿನ ಕಾಯಿಲ್ ಒಂದೇ ಸಮ ಕಪ್ಪಾಗಿದ್ದರೆ ಲೋಡ್ ಜಾಸ್ತಿಯಾಗಿದೆ: ಬೇರಿಂಗ್ ಹಿಡಿದಿರಬಹುದು, ಪಂಪ್ ಸಿಕ್ಕಿಕೊಂಡಿರಬಹುದು, ವೋಲ್ಟೇಜ್ ತೀರ ಕಡಿಮೆ ಇದ್ದಿರಬಹುದು. ಕಾಯಿಲ್ ಜೋಡಿಸುವ ಬಗೆ ಎರಡು, ಸ್ಟಾರ್ ಮತ್ತು ಡೆಲ್ಟಾ. ಸ್ಟಾರ್ ಕನೆಕ್ಷನ್ ಮೋಟರಿನಲ್ಲಿ ಎರಡು ಫೇಸ್ ಸುಟ್ಟು ಒಂದು ಹೊಸದರಂತೆ ಉಳಿದಿದ್ದರೆ, ಅಥವಾ ಡೆಲ್ಟಾದಲ್ಲಿ ಒಂದು ಮಾತ್ರ ಸುಟ್ಟು ಎರಡು ಉಳಿದಿದ್ದರೆ, ಅದು ಸಿಂಗಲ್ ಫೇಸಿಂಗ್. ಲೈನಿನಲ್ಲಿ ಒಂದು ಫೇಸ್ ಹೋದಾಗ ಉಳಿದ ಎರಡರ ಮೇಲೇ ಮೋಟರ್ ಓಡಲು ಹೆಣಗಿದೆ. ಮಳೆಗಾಳಿಗೆ ಮರದ ಕೊಂಬೆ ಬಿದ್ದು ಫೇಸ್ ಹೋಗುವುದು ನಮ್ಮಲ್ಲಿ ಮಾಮೂಲಿ. ಹಾಗಾದರೆ ಸ್ಟಾರ್ಟರ್ ಯಾಕೆ ಟ್ರಿಪ್ ಆಗಲಿಲ್ಲ? ಪಂಪ್‌ಹೌಸಿಗೆ ಹೋಗಿ ನೋಡಬೇಕು. ಲೋಡ್ ಮಿತಿ ಮೀರಿದಾಗ ಮೋಟರ್ ನಿಲ್ಲಿಸುವ ಓವರ್‌ಲೋಡ್ ರಿಲೇಯನ್ನು ನೇಮ್‌ಪ್ಲೇಟಿನ ಆಂಪಿಯರ್‌ಗಿಂತ ಮೇಲೆ ತಿರುಗಿಸಿ ಇಟ್ಟಿದ್ದಾರಾ, ರಿಲೇಯನ್ನೇ ಬೈಪಾಸ್ ಮಾಡಿದ್ದಾರಾ, ಕಾಂಟ್ಯಾಕ್ಟರಿನ ಒಂದು ಪಾಯಿಂಟ್ ಸುಟ್ಟಿದೆಯಾ, ಫ್ಯೂಸಿಗೆ ಏನು ತಂತಿ ಕಟ್ಟಿದ್ದಾರೆ. ಕೊನೆಗೆ ಇವೆಲ್ಲವನ್ನೂ ಮೋಟರ್ ಯಜಮಾನರಿಗೆ ಅರ್ಥವಾಗುವಂತೆ ಹೇಳಬೇಕು. ಅದೂ ಕೆಲಸದ ಭಾಗವೇ.

ಇಷ್ಟು ವಿವರ ಗೋಡೆ ಮೇಲೆ ಬಂದ ಮೇಲೆ ಸಿಲಬಸ್ ಪಕ್ಕದಲ್ಲಿಟ್ಟು ನೋಡಿ. ವೈಂಡಿಂಗ್ ಇದೆ, ಸ್ಟಾರ್ಟರ್ ಇದೆ, ಓವರ್‌ಲೋಡ್ ರಿಲೇ ಇದೆ. ಮೂರೂ ಬೇರೆ ಬೇರೆ ವಾರ, ಬೇರೆ ಬೇರೆ ಮೇಜಿನ ಮೇಲೆ. ಅವನ್ನು ಒಂದೇ ಸುಟ್ಟ ಮೋಟರಿನ ಸುತ್ತ ಕಟ್ಟುವ ಪಾಠ ಬೇಕಿದೆ. ಅದಕ್ಕೆ ಹೊಸ ಸಿಲಬಸ್ ಬೇಡ. ಅಂಗಡಿಯಿಂದ ಸುಟ್ಟ ಮೋಟರ್ ನಾಲ್ಕು ತಂದರೆ ಸಾಕು.

ನಾಲ್ಕನೇ ಹೆಜ್ಜೆ: ಗಂಟೆಗಳ ಲೆಕ್ಕ

ಸೇರಿಸಬೇಕಾದ್ದರ ಪಟ್ಟಿ ಉದ್ದ ಆಗುತ್ತದೆ. ಗಂಟೆ ಮಾತ್ರ ಅಷ್ಟೇ. ಹಾಗಾಗಿ ಒಂದನ್ನು ಸೇರಿಸುವ ಪ್ರತಿ ಪ್ರಸ್ತಾಪದ ಜೊತೆ, ಆ ಗಂಟೆ ಎಲ್ಲಿಂದ ಬರಬೇಕು ಎಂದು ಬರೆಯದೆ ಮುಂದೆ ಹೋಗಬೇಡಿ.

ವೈರ್ ಜಾಯಿಂಟುಗಳನ್ನೇ ನೋಡಿ. ಬ್ರಿಟಾನಿಯಾ ಜಾಯಿಂಟ್, ಮ್ಯಾರೀಡ್ ಜಾಯಿಂಟ್, ವೆಸ್ಟರ್ನ್ ಯೂನಿಯನ್, ರ‍್ಯಾಟ್ ಟೇಲ್, ಎಲ್ಲವೂ ಮೊದಲ ವರ್ಷದಲ್ಲಿವೆ. ಈಗ ಕೆಲಸದಲ್ಲಿ ಕೈಗೆ ಬರುವುದು ಹೆಚ್ಚಾಗಿ ಲಗ್ (ತಂತಿ ತುದಿಗೆ ಹಾಕುವ ಲೋಹದ ತುಂಡು), ಅದನ್ನು ಒತ್ತಿ ಕೂರಿಸುವ ಕ್ರಿಂಪಿಂಗ್, ಕನೆಕ್ಟರ್. ನನ್ನ ಅಭಿಪ್ರಾಯದಲ್ಲಿ ಒಂದೆರಡು ಜಾಯಿಂಟ್ ಚೆನ್ನಾಗಿ ಕಲಿಸಿ, ಉಳಿದವನ್ನು ಒಮ್ಮೆ ಮಾಡಿಸಿ, ಉಳಿತಾಯವಾದ ಸಮಯವನ್ನು ಕ್ರಿಂಪಿಂಗಿಗೆ ಕೊಡಬೇಕು. ಡಿಸಿ ಜನರೇಟರಿನ ಉದ್ದುದ್ದ ಪ್ರಯೋಗಗಳಿಗೂ ಇದೇ ಮಾತು.

ಆದರೆ ಪೂರ್ತಿ ಬಿಡುವಂತಿಲ್ಲ. ಅಖಿಲ ಭಾರತ ಟ್ರೇಡ್ ಪರೀಕ್ಷೆ ನಡೆಯುವುದು ಡಿಜಿಟಿ ಸಿಲಬಸ್ ಮೇಲೆಯೇ. ನೀವು ಬೇಡ ಎಂದು ಬಿಟ್ಟ ಪಾಠದ ಮೇಲೆ ಪ್ರಶ್ನೆ ಬಂದರೆ ಅಂಕ ಹೋಗುವುದು ಮಕ್ಕಳದ್ದು. ಕಿರಿದು ಮಾಡಬಹುದು, ಅಳಿಸಬಾರದು.

ಇನ್ನೊಂದು ಎಚ್ಚರಿಕೆ. ಪರಿಷ್ಕರಣೆ ಅಂದ ಕೂಡಲೇ ಫಿಟರ್ ಟ್ರೇಡಿನ ಫೈಲಿಂಗ್ ಮೇಲೆ ಕತ್ತಿ ಬೀಳುತ್ತದೆ. 'ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಗಳ ಕಾಲದಲ್ಲಿ ಅರ ಉಜ್ಜುವುದು ಯಾಕೆ' ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಚಪ್ಪಟೆ ಅಂದರೇನು, ಲಂಬ ಅಂದರೇನು, ಕೂದಲೆಳೆಯಷ್ಟು ವ್ಯತ್ಯಾಸ ಎಷ್ಟು ದೊಡ್ಡದು ಎಂದು ಕೈಗೆ ಗೊತ್ತಾಗುವುದು ಅಲ್ಲೇ. ಬಳಕೆ ತಪ್ಪಿದ ಕೆಲಸವನ್ನು ಕಿರಿದು ಮಾಡಿ, ಕೈ ಪಳಗಿಸುವ ಅಭ್ಯಾಸವನ್ನು ಮುಟ್ಟಬೇಡಿ. ಮೋಟರ್ ಸೈಕಲ್ ಮೆಕ್ಯಾನಿಕ್‌ಗಳ ಕಾರ್ಬುರೇಟರ್ ಕೂಡ ಹಾಗೆಯೇ. 2020ರ ಏಪ್ರಿಲ್‌ನಿಂದ ಹೊಗೆ ಮಿತಿಯ ಬಿಎಸ್-6 ನಿಯಮ ಬಂದು ಹೊಸ ಬೈಕುಗಳಿಗೆ ಫ್ಯುಯೆಲ್ ಇಂಜೆಕ್ಷನ್ ಬಂತು, ನಿಜ. ತೀರ್ಥಹಳ್ಳಿಯ ಹಳ್ಳಿ ರಸ್ತೆಯಲ್ಲಿ ಹಳೆಯ ಬೈಕುಗಳು ಇನ್ನೂ ಓಡುತ್ತಿವೆ.

ಐದನೇ ಹೆಜ್ಜೆ: ಪರೀಕ್ಷೆ, ಉಪಕರಣ, ಶಿಕ್ಷಕರು

ಪರೀಕ್ಷೆಗೆ ಬಾರದ್ದನ್ನು ಮಕ್ಕಳು ಮನಸ್ಸಿಟ್ಟು ಕಲಿಯುವುದಿಲ್ಲ. ಹಾಗಾಗಿ ಹೊಸ ಕೆಲಸವನ್ನು ಐಟಿಐನಲ್ಲೇ ಕೊಡುವ ಆಂತರಿಕ ಮೌಲ್ಯಮಾಪನಕ್ಕೆ ಸೇರಿಸಿ. ಪ್ರಾಕ್ಟಿಕಲ್ ಮತ್ತು ಆಂತರಿಕ ಮೌಲ್ಯಮಾಪನದಲ್ಲಿ ಪಾಸಾಗಲು 60 ಶೇಕಡಾ ಬೇಕು. ಏನು ನೋಡಿ ಅಂಕ ಕೊಡುತ್ತೀರಿ ಎಂದು ಮೊದಲೇ ಬರೆದಿಡಿ: ಸಪ್ಲೈ ತೆಗೆದು ಟೆಸ್ಟರಿನಲ್ಲಿ ಖಾತ್ರಿ ಮಾಡಿಕೊಂಡನೇ, ನೇಮ್‌ಪ್ಲೇಟ್ ಓದಿದಳೇ, ಹೇಳಿದ ಕಾರಣಕ್ಕೆ ಆಧಾರ ತೋರಿಸಿದರೇ.

ಉಪಕರಣಕ್ಕೆ ಹಣ ಬೇಕು. ರಾಜ್ಯದ 150 ಸರ್ಕಾರಿ ಐಟಿಐಗಳು ಟಾಟಾ ಟೆಕ್ನಾಲಜೀಸ್ ಜೊತೆಗಿನ ಯೋಜನೆಯಲ್ಲಿ ಮೇಲ್ದರ್ಜೆಗೆ ಏರಿವೆ. ನಿಮ್ಮದು ಆ ಪಟ್ಟಿಯಲ್ಲಿದ್ದರೆ ಬಂದ ಯಂತ್ರಗಳಿಗೂ ನಿಮ್ಮ ಚೀಟಿಗಳಿಗೂ ತಾಳೆ ನೋಡಿ. ಇಲ್ಲದಿದ್ದರೆ ಕಡಿಮೆ ಖರ್ಚಿನದ್ದರಿಂದ ಶುರು ಮಾಡಿ. ಅರ್ತಿಂಗ್ ಎಷ್ಟು ಸರಿಯಿದೆ ಎಂದು ಅಳೆಯುವ ಅರ್ತ್ ಟೆಸ್ಟರ್ ಒಂದಿದ್ದರೆ ಜಂಬಿಟ್ಟಿಗೆ ನೆಲದಲ್ಲಿ ಮಳೆಗಾಲದ ಅಳತೆಗೂ ಏಪ್ರಿಲ್ ಅಳತೆಗೂ ಇರುವ ಅಂತರವನ್ನು ಮಕ್ಕಳೇ ಅಳೆದು ನೋಡಬಹುದು. ಮುಂಗಾರಿಗೆ ಮೊದಲಿನ ಗುಡುಗು ಸಿಡಿಲಿನ ನಾಡಿನಲ್ಲಿ ಅದು ಸಣ್ಣ ಪಾಠವಲ್ಲ.

ಶಿಕ್ಷಕರ ವಿಷಯ: ಸೋಲಾರ್ ಕೂರಿಸಿ ಗೊತ್ತಿಲ್ಲದವರು ಪುಸ್ತಕ ಓದಿ ಕಲಿಸಬಾರದು. ರಜೆಯಲ್ಲಿ ಒಂದು ವಾರ ಕೂರಿಸುವವರ ಜೊತೆ ಮಾಡು ಹತ್ತಲಿ. ಐಟಿಐ ಇದಕ್ಕೆ ರಜೆ, ಭತ್ಯೆ ಕೊಡುವಂತಾಗಬೇಕು.

ಆರನೇ ಹೆಜ್ಜೆ: ಮೇಲಕ್ಕೆ ಬರೆಯಿರಿ

ನಿಮ್ಮ ಮಟ್ಟದಲ್ಲಿ ಆಗುವುದನ್ನು ಒಂದು ಬ್ಯಾಚಿನ ಮೇಲೆ ಮೊದಲು ಮಾಡಿ ನೋಡಿ. ಸ್ಥಳೀಯ ಕಾರ್ಖಾನೆಯ ಜೊತೆ ಒಪ್ಪಂದ ಮಾಡಿಕೊಂಡು ಕಲಿಕೆಯ ಒಂದು ಭಾಗವನ್ನು ಅಲ್ಲೇ ನಡೆಸುವ ದ್ವಿಮುಖ ತರಬೇತಿ ಪದ್ಧತಿ 2016ರಿಂದ ಇದೆ. ಮಾಚೇನಹಳ್ಳಿ ಹತ್ತಿರವಿರುವ ಸಂಸ್ಥೆಗಳು ಅದನ್ನು ಕೇಳಬಹುದು. ಸಿಲಬಸ್ಸೇ ಬದಲಾಗಬೇಕಾದ್ದನ್ನು ಇಲಾಖೆಯ ಮೂಲಕ ಡಿಜಿಟಿಗೆ ಕಳಿಸಿ.

ಪತ್ರದಲ್ಲಿ 'ಸಿಲಬಸ್ ಹಳೆಯದು' ಎಂಬ ವಾಕ್ಯ ಬೇಡ. ಯಾವ ಅಭ್ಯಾಸ, ಅದರ ಸಂಖ್ಯೆ, ಈಗ ಎಷ್ಟು ಗಂಟೆ, ಎಷ್ಟಾಗಬೇಕು, ಉಳಿದ ಗಂಟೆ ಯಾವುದಕ್ಕೆ, ಎಷ್ಟು ಮಂದಿ ಕೆಲಸಗಾರರು ಇದನ್ನು ಹೇಳಿದರು, ಬೇಕಾದ ಉಪಕರಣ ಯಾವುದು, ಒಂದು ಬ್ಯಾಚಿನಲ್ಲಿ ಮಾಡಿ ನೋಡಿದಾಗ ಏನಾಯಿತು. ಒಂದೇ ಪುಟ ಸಾಕು. ಸಾಗರ, ಶಿಕಾರಿಪುರ, ಚಿಕ್ಕಮಗಳೂರಿನ ಐಟಿಐಗಳಲ್ಲಿ ಅದೇ ಟ್ರೇಡ್ ಕಲಿಸುವವರಿಗೂ ಪ್ರತಿ ಕಳಿಸಿ, ಒಪ್ಪಿದವರು ಸಹಿ ಹಾಕಲಿ. ಚೀಟಿಗಳ ಫೋಟೊ ತೆಗೆದಿಟ್ಟುಕೊಳ್ಳಿ. ಕೂಲಿ ಬಿಟ್ಟು ಬಂದು ಕೂತ ಆ ಕೆಲಸಗಾರರಿಗೆ, ನೀವು ಹೇಳಿದ್ದರಲ್ಲಿ ಇಷ್ಟು ಪಾಠಕ್ಕೆ ಸೇರಿತು, ಇಷ್ಟು ಬಾಕಿ ಇದೆ ಎಂದು ತಪ್ಪದೆ ತಿಳಿಸಿ. ಮುಂದಿನ ಆಷಾಢಕ್ಕೆ ಅವರನ್ನೇ ಮತ್ತೆ ಕರೆಯಬೇಕಾಗುತ್ತದೆ.