ಬಾರ್ ಚಾರ್ಟ್ ಹಿಡಿದು 43 ದಿನದಲ್ಲಿ ಹೋಟೆಲ್ ಒಪ್ಪಿಸಿದ್ದು: ನನ್ನ ಅನುಭವ

ಮುಂಬೈಯ ಚೆಂಬೂರಿನಲ್ಲಿ ಒಂದು ಹೋಟೆಲಿನ ನವೀಕರಣದ ಕೆಲಸವನ್ನು ಬಾರ್ ಚಾರ್ಟ್ ಹಿಡಿದು 43ನೆಯ ದಿನ ಒಪ್ಪಿಸಿದೆ. ಬಾರ್ ಚಾರ್ಟ್ ಎಂದರೆ ಒಂದೊಂದು ಕೆಲಸಕ್ಕೂ ಅದು ಹಿಡಿಯುವ ದಿನಗಳಷ್ಟು ಉದ್ದದ ಒಂದೊಂದು ಅಡ್ಡ ಪಟ್ಟಿ ಇರುವ ವೇಳಾಪಟ್ಟಿ. ಕರಾರು 45 ದಿನಗಳದ್ದು. ಅದೇ ಕೆಲಸಕ್ಕೆ ಬೇರೆ ಇಬ್ಬರು ಗುತ್ತಿಗೆದಾರರು 75, 80 ದಿನ ಕೇಳಿದ್ದರು. ಮುಂಬೈಯಲ್ಲಿ ಹೋಟೆಲ್ ನವೀಕರಣ ಮಾಡುವ ನಮ್ಮವರಿಗೆ ಈ ಅಂಕಿಯ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಬಾಗಿಲು ಹಾಕಿದ ಹೋಟೆಲಿಗೂ ಬಾಡಿಗೆ ಓಡುತ್ತಲೇ ಇರುತ್ತದೆ. ಊರಿನಿಂದ ಕರೆತಂದ ಅಡುಗೆಯವರಿಗೆ ಅರ್ಧ ಪಗಾರವಾದರೂ ಕೊಡಬೇಕು, ಇಲ್ಲದಿದ್ದರೆ ಅವರು ಎದುರಿನ ಹೋಟೆಲಿಗೆ ಹೋಗಿ ಸೇರಿಕೊಳ್ಳುತ್ತಾರೆ. ಆ ಮಾಲೀಕರ ಲೆಕ್ಕದಲ್ಲಿ ಮುಚ್ಚಿದ ಒಂದೊಂದು ದಿನಕ್ಕೂ ಸುಮಾರು 40,000 ರೂಪಾಯಿ ಕೈಬಿಟ್ಟು ಹೋಗುತ್ತಿತ್ತು.

ನನಗೆ ಈ ಕಸುಬು ಕಲಿಸಿದವರು ನನ್ನ ಸೋದರಮಾವ. ಅಂಕೋಲೆಯಿಂದ ಬಂದು ನಲವತ್ತು ವರ್ಷ ಈ ಊರಿನಲ್ಲಿ ಗಾರೆ ಕೆಲಸ ಮಾಡಿಸಿದವರು. ನಾನು ಚಾರ್ಟ್ ಎಂದಾಗಲೆಲ್ಲ ಅವರದು ಒಂದೇ ಮಾತು: "ಗೋಡೆಗೆ ಕಾಗದ ಅಂಟಿಸಿದರೆ ಗೋಡೆ ಮೇಲೇಳುತ್ತದೆಯೇನೋ?" ಎಂಟು ವರ್ಷ ಈ ಮಾತು ಕೇಳಿದ್ದೇನೆ. ಅದರಲ್ಲಿ ಐದು ವರ್ಷ ಅವರು ಹೇಳಿದ್ದೇ ಸರಿಯಾಗಿತ್ತು.

ಮೊದಲ ಪೆಟ್ಟು ಬಿದ್ದದ್ದು ಮುಲುಂಡಿನಲ್ಲಿ. ಲ್ಯಾಪ್‌ಟಾಪಿನಲ್ಲಿ ಸಾಫ್ಟ್‌ವೇರ್ ಹಾಕಿಕೊಂಡು, ನಾಲ್ಕು ರಾತ್ರಿ ಕುಳಿತು ನೂರಕ್ಕೂ ಹೆಚ್ಚು ಪಟ್ಟಿಗಳ ಚಾರ್ಟ್ ಮಾಡಿದೆ. ಎ3 ಹಾಳೆಯಲ್ಲಿ ಬಣ್ಣದ ಪ್ರಿಂಟ್ ತೆಗೆಸಿ ಸೈಟಿನ ಬಾಗಿಲಿಗೆ ಅಂಟಿಸಿದೆ. ಹೆಸರುಗಳೆಲ್ಲ ಇಂಗ್ಲಿಷಿನಲ್ಲಿ, ಅಕ್ಷರಗಳೋ ಸಾಸಿವೆಯಷ್ಟು. ಮೂರನೆಯ ದಿನ ನೋಡಿದರೆ ಬಡಗಿಗಳು ಹಾಳೆಯನ್ನು ಕಿತ್ತು ಅದರ ಹಿಂಬದಿಯಲ್ಲಿ ಪ್ಲೈವುಡ್ಡಿನ ಅಳತೆ ಬರೆದಿದ್ದರು. 60 ದಿನದ ಕೆಲಸ 97 ದಿನಕ್ಕೆ ಮುಗಿಯಿತು. ಒಂದು ವಾರದ ರಿಯಾಯಿತಿ ಕಳೆದು ದಿನಕ್ಕೆ 5,000ದಂತೆ ದಂಡ, ಅಂದರೆ ಒಂದೂವರೆ ಲಕ್ಷ. ಕೆಲಸವಿಲ್ಲದೆ ಕುಳಿತವರಿಗೆ ಕೊಟ್ಟ ಪಗಾರ ಬೇರೆ, ಅದು ಎಂಬತ್ತು ತೊಂಬತ್ತು ಸಾವಿರ ಇದ್ದಿರಬೇಕು. ಆ ವರ್ಷ ಮನೆಯವಳ ಬಳೆ ಬ್ಯಾಂಕಿನಲ್ಲಿತ್ತು.

ಅಲ್ಲೇ ಇನ್ನೊಂದು ತಪ್ಪು ಮಾಡಿದ್ದೆ. ಪಟ್ಟಿಗಳಿಗೆ ಶೇಕಡಾ ಲೆಕ್ಕದಲ್ಲಿ ಬಣ್ಣ ತುಂಬುತ್ತಿದ್ದೆ. ವೈರಿಂಗ್ ಎಷ್ಟಾಯಿತು ಎಂದರೆ 90 ಎನ್ನುತ್ತಿದ್ದರು. ಮರುವಾರವೂ 90, ಅದರ ಮರುವಾರವೂ 90. ಹದಿನಾರು ದಿನ ವೈರಿಂಗ್ ತೊಂಬತ್ತರಲ್ಲೇ ನಿಂತಿತ್ತು. ಉಳಿದ ಹತ್ತು ಎಂದರೆ ಸ್ವಿಚ್ ಬೋರ್ಡುಗಳು. ಬೋರ್ಡಿಗೆ ಟೈಲ್ಸ್ ಆಗಬೇಕು, ಟೈಲ್ಸಿಗೆ ಮಾಲೀಕರು ಬಣ್ಣ ಆರಿಸಬೇಕು. ಅಂದಿನಿಂದ ಶೇಕಡಾ ಎಂಬ ಮಾತನ್ನು ನನ್ನ ಸೈಟಿನಲ್ಲಿ ಆಡಲು ಬಿಡುವುದಿಲ್ಲ. ನಾನು ಕೇಳುವುದು ಒಂದೇ ಪ್ರಶ್ನೆ, ಇನ್ನೆಷ್ಟು ದಿನ?

ಎರಡನೆಯ ಪೆಟ್ಟು ಡೊಂಬಿವಲಿಯಲ್ಲಿ. ಮೊದಲ ಮಹಡಿಯ ಫ್ಯಾಮಿಲಿ ರೂಮು, ಅದರ ಹಿಂದೆ ಎರಡು ಶೌಚಾಲಯ. ಕೆಳಗೆ ಬೇರೆಯವರ ಔಷಧದ ಅಂಗಡಿ, ಒಂದು ಹನಿ ಸೋರಿದರೂ ಜಗಳ ಖಂಡಿತ. ವಾಟರ್‌ಪ್ರೂಫಿಂಗ್‌ಗೆ ನಾಲ್ಕು ದಿನ ಎಂದು ಪಟ್ಟಿ ಹಾಕಿದ್ದೆ. ಕೆಲಸ ನಾಲ್ಕೇ ದಿನಕ್ಕೆ ಮುಗಿಯಿತು. ಆಮೇಲೆ ಸೋರುತ್ತದೆಯೇ ಎಂದು ನೋಡಲು ನೆಲದ ಮೇಲೆ ನೀರು ಕಟ್ಟಿ ನಿಲ್ಲಿಸಿ, ನೀರಿನ ಮಟ್ಟಕ್ಕೆ ಗೋಡೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆದೆ. ಮರುದಿನ ಬೆಳಿಗ್ಗೆ ನೋಡಿದರೆ ನೀರು ಗೆರೆಗಿಂತ ಅರ್ಧ ಬೆರಳು ಕೆಳಗೆ. ಆರಿದ್ದೋ, ಇಳಿದದ್ದೋ? ಅದು ಖಾತ್ರಿಯಾಗಬೇಕಾದರೆ ಇನ್ನೆರಡು ದಿನ ಕಾಯಲೇಬೇಕು. ಟೈಲ್ಸ್ ಹಾಕುವ ರಾಜಸ್ಥಾನದ ನಾಲ್ವರು ಅಂದೇ ಬಂದು ಬಾಗಿಲಲ್ಲಿ ಕುಳಿತಿದ್ದರು. ತಲೆಗೆ 950ರಂತೆ ಮೂರು ದಿನ ಕೂರಿಸಿ ಕೊಟ್ಟ ಹಣ ಹನ್ನೊಂದು ಸಾವಿರ ಚಿಲ್ಲರೆ. ನೀರು ನಿಲ್ಲಿಸುವುದಕ್ಕೂ ಸಿಮೆಂಟು ನೀರು ಕುಡಿದು ಗಟ್ಟಿಯಾಗುವ ಕ್ಯೂರಿಂಗಿಗೂ ಪುಟ್ಟಿ ಒಣಗುವುದಕ್ಕೂ ಆಳು ಬೇಡ ನೋಡಿ. ಆಳಿಲ್ಲದ ಕೆಲಸಕ್ಕೆ ನಾನು ಪಟ್ಟಿಯನ್ನೇ ಹಾಕಿರಲಿಲ್ಲ.

ದಾರಿ ತೋರಿಸಿದ್ದು ಒಂದು ಹಳೆಯ ಸಂಗತಿ. ಈ ಬಾರ್ ಚಾರ್ಟಿಗೆ ಗ್ಯಾಂಟ್ ಚಾರ್ಟ್ ಎಂಬ ಹೆಸರು ಬಂದದ್ದು 1910ರ ದಶಕದ ಅಮೆರಿಕದ ಎಂಜಿನಿಯರ್ ಹೆನ್ರಿ ಗ್ಯಾಂಟ್‌ನಿಂದ. ಆದರೆ ಅದಕ್ಕೂ ಮೊದಲು, 1896ರಲ್ಲೇ, ಕರೋಲ್ ಅದಾಮಿಯೆಟ್ಸ್ಕಿ ಎಂಬ ಪೋಲೆಂಡಿನ ಎಂಜಿನಿಯರ್ ಇಂಥದೇ ಒಂದನ್ನು ಮಾಡಿದ್ದ. ಬರೆದದ್ದು ಪೋಲಿಷ್, ರಷ್ಯನ್ ಭಾಷೆಗಳಲ್ಲಾದ್ದರಿಂದ ಹೊರಗಿನವರಿಗೆ ಬಹಳ ಕಾಲ ತಿಳಿಯಲಿಲ್ಲ. ಅವನದು ಒಂದೇ ಹಾಳೆಯಲ್ಲಿ ಬರೆದ ಚಿತ್ರವಲ್ಲ. ಒಂದೊಂದು ಕೆಲಸಕ್ಕೂ ಒಂದೊಂದು ಬಿಡಿ ಕಾಗದದ ಪಟ್ಟಿ. ಯಾವ ಕೆಲಸದಿಂದ ಬಂತು, ಮುಂದೆ ಯಾವ ಕೆಲಸಕ್ಕೆ ಹೋಗುತ್ತದೆ ಎಂಬುದು ಪಟ್ಟಿಯ ಮೇಲೇ ಬರೆದಿರುತ್ತದೆ. ಬೇಕಾದ ಹಾಗೆ ಸರಿಸಬಹುದು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸರಿಸಬಹುದಾದ ಪಟ್ಟಿಯೆಂದರೆ ಲ್ಯಾಪ್‌ಟಾಪಿನಲ್ಲಲ್ಲ, ಸೈಟಿನಲ್ಲಿ, ಕೆಲಸಗಾರನ ಕೈಯಲ್ಲಿ ಸರಿಯಬೇಕು!

ಹೀಗೆ ಮಾಡಿದೆ. ಎಂಟು ಅಡಿಗೆ ನಾಲ್ಕು ಅಡಿಯ ಒಂದು ಪ್ಲೈವುಡ್ ಹಾಳೆಯನ್ನು ನೀರು ಕುಡಿಯುವ ಜಾಗದ ಎದುರು ನಿಲ್ಲಿಸಿದೆ. ಒಂದು ದಿನಕ್ಕೆ ಒಂದೂವರೆ ಇಂಚು. 45 ದಿನ ಸಲೀಸಾಗಿ ಕೂರುತ್ತದೆ. ಪಟ್ಟಿಗಳಿಗೆ ಸನ್ಮೈಕಾ, ಅಂದರೆ ಪ್ಲೈವುಡ್ಡಿಗೆ ಅಂಟಿಸುವ ನುಣುಪಾದ ಹಾಳೆಯ, ತುಂಡುಗಳು. ಪ್ಲಂಬರಿಗೆ ನೀಲಿ, ವೈರ್‌ಮನ್‌ಗೆ ಹಳದಿ, ಬಡಗಿಗೆ ಕಂದು. ಅಕ್ಷರ ಕಡಿಮೆ, ಚಿತ್ರ ಹೆಚ್ಚು: ನಲ್ಲಿ, ಬಲ್ಬು, ಗರಗಸ, ಕುಂಚ. ಕಾಯುವ ದಿನಗಳಿಗೆ ಸನ್ಮೈಕಾ ಅಲ್ಲ, ಉಪ್ಪುಕಾಗದ. ಕೈಯಿಟ್ಟರೆ ತರಿತರಿಯಾಗಿ ತಾಗಬೇಕು, ಇಲ್ಲಿ ಯಾರೂ ಕಾಲಿಡಬಾರದು ಎಂದು ಬೆರಳಿಗೇ ತಿಳಿಯಬೇಕು. ಇಂದಿನ ದಿನ ತೋರಿಸಲು ಮೇಲಿನಿಂದ ಓಳಂಬದ ದಾರ, ಅಂದರೆ ಗೋಡೆ ನೆಟ್ಟಗಿದೆಯೇ ಎಂದು ನೋಡುವ ಗುಂಡು ಕಟ್ಟಿದ ದಾರ, ಇಳಿಬಿಟ್ಟೆ. ಪ್ರತಿದಿನ ಬೆಳಿಗ್ಗೆ ಮೊದಲು ಬಂದವನು ಅದನ್ನು ಒಂದೂವರೆ ಇಂಚು ಬಲಕ್ಕೆ ಸರಿಸಬೇಕು. ಹಿತ್ತಾಳೆಯ ಗುಂಡು ಸ್ವಲ್ಪ ಹೊತ್ತು ಅಲುಗಾಡಿ ನಿಲ್ಲುತ್ತದೆ. ಅದು ನಿಲ್ಲುವ ತನಕ ಹುಡುಗರೆಲ್ಲ ನೋಡುತ್ತ ನಿಂತಿರುತ್ತಾರೆ. ಅಷ್ಟರಲ್ಲಿ ದಿನದ ಕೆಲಸ ಹಂಚಿಯಾಗುತ್ತದೆ.

ಪಟ್ಟಿ ಸರಿಸುವುದು ಶನಿವಾರ, ಖರ್ಚಿ (ಕೆಲಸಗಾರರ ವಾರದ ಕೈಖರ್ಚಿನ ಹಣ) ಹಂಚುವ ಹೊತ್ತಿನಲ್ಲಿ. ತನ್ನ ಪಟ್ಟಿಯನ್ನು ಸರಿಪಡಿಸಿದ ಮೇಲೇ ಕೈಗೆ ಖರ್ಚಿ. ಇದೊಂದು ನಿಯಮ ಸಾಫ್ಟ್‌ವೇರಿಗಿಂತ ಹೆಚ್ಚು ಕೆಲಸ ಮಾಡಿದೆ. ಇನ್ನೊಂದು ನಿಯಮ, ಮುಗಿದ ಪಟ್ಟಿಯನ್ನು ಹಲಗೆಯಿಂದ ಇಳಿಸುವ ಹಕ್ಕು ಮುಗಿಸಿದವನಿಗಿಲ್ಲ, ಮುಂದಿನವನಿಗಿದೆ. ಅಡುಗೆಮನೆಯ ಮೋರಿಯ ಪೈಪು ಆಯಿತು ಎಂದು ಒಡಿಶಾದ ಪ್ಲಂಬರ್ ಹೇಳಿದ. ಟೈಲ್ಸಿನವನು ಒಂದು ಬಕೆಟ್ ನೀರು ಸುರಿದು, ಇಳಿಜಾರು ಸಾಲದು ಎಂದು ನೀಲಿ ಪಟ್ಟಿಯನ್ನು ಅಲ್ಲೇ ಬಿಟ್ಟ. ಅರ್ಧ ದಿನ ಹೋಯಿತು. ಮೊದಲಾಗಿದ್ದರೆ ಟೈಲ್ಸ್ ಹಾಕಿ, ಒಡೆದು, ಮತ್ತೆ ಹಾಕಿ ಐದು ದಿನ ಹೋಗುತ್ತಿತ್ತು. ಒಬ್ಬನ ಪಟ್ಟಿ ಮುಗಿದು ಇನ್ನೊಬ್ಬನದು ಶುರುವಾಗುವ ಸಂದಿಯಲ್ಲಿಯೇ ನಮ್ಮ ದಿನಗಳು ಸೋರಿಹೋಗುತ್ತವೆ, ಇದು ನನ್ನ ಖಚಿತ ಅಭಿಪ್ರಾಯ.

ಹಲಗೆಯ ಎಲ್ಲಕ್ಕಿಂತ ಮೇಲಿನ ಸಾಲು ಕೆಂಪು, ಅದು ಮಾಲೀಕರ ಸಾಲು. ಟೈಲ್ಸ್ ಆರಿಸುವುದು 6ನೆಯ ದಿನದೊಳಗೆ, ಕೌಂಟರಿನ ಗ್ರಾನೈಟ್ 9ರೊಳಗೆ, ಒಲೆಯ ಮೇಲಿನ ಹೊಗೆ ಎಳೆಯುವ ಎಕ್ಸಾಸ್ಟ್ ಹುಡ್ಡಿನ ಅಳತೆಗೆ ಒಪ್ಪಿಗೆ 10ರೊಳಗೆ, ಏಕೆಂದರೆ ಹುಡ್ ಮಾಡಿಸಿ ತರಲು ಹನ್ನೆರಡು ದಿನ ಬೇಕು. ಮಾಲೀಕರಿಗೆ ಸಿಟ್ಟು ಬಂತು. "ಹಣ ಕೊಡುವವನ ಹೆಸರನ್ನೂ ಕೂಲಿಗಳ ಸಾಲಿನಲ್ಲಿ ಹಾಕುತ್ತೀಯಾ?" ಎಂದರು. "ಅಣ್ಣ, ಮೇಲಿನ ಸಾಲು ನಿಮ್ಮದೇ. ಆದರೆ ದಾರ ಎಲ್ಲರಿಗೂ ಒಂದೇ" ಎಂದೆ. 7ನೆಯ ದಿನ ಬೆಳಿಗ್ಗೆ ಬಂದಾಗ ದಾರ ಅವರ ಕೆಂಪು ಪಟ್ಟಿಯನ್ನು ದಾಟಿ ನಿಂತಿತ್ತು. ಸುಮ್ಮನೆ ನೋಡಿದರು. ಅಂದು ಸಂಜೆಯೇ ಟೈಲ್ಸ್ ಅಂಗಡಿಗೆ ಹೋಗಿ ಮುಂಗಡ ಕೊಟ್ಟು ಬಂದರು.

ಗಡುವಿನ ಮಾತಿಗೆ ಬರೋಣ. ಯಾರನ್ನು ಕೇಳಿದರೂ ಐದು ದಿನದ ಕೆಲಸಕ್ಕೆ ಎಂಟು ಎನ್ನುತ್ತಾರೆ. ಎಂಟು ಕೊಟ್ಟರೆ ಎಂಟೂ ಹೋಗುತ್ತದೆ. ನಾನು ಎಲ್ಲರ ಹೆಚ್ಚುವರಿ ದಿನಗಳನ್ನು ಕತ್ತರಿಸಿ, ಏಳು ದಿನಗಳ ಒಂದೇ ಬಿಳಿ ಪಟ್ಟಿ ಮಾಡಿ ಕೊನೆಯಲ್ಲಿ ಇಟ್ಟೆ. 38 ದಿನ ಕೆಲಸ, 7 ದಿನ ಎಲ್ಲರಿಗೂ ಸೇರಿದ ಉಳಿತಾಯ. ತಡವಾದವನು ಆ ಬಿಳಿ ಪಟ್ಟಿಯಿಂದ ಅಷ್ಟು ಇಂಚನ್ನು ಎಲ್ಲರ ಎದುರು ಕತ್ತರಿಸಬೇಕು. ಯಾರಿಂದ ಎಷ್ಟು ದಿನ ಕತ್ತರಿಸಬೇಕು ಎಂಬುದಕ್ಕೆ ನನ್ನದೊಂದು ಲೆಕ್ಕವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಹೊಟ್ಟೆಪಾಡು ಅದರ ಮೇಲಿದೆ. ಚೆಂಬೂರಿನಲ್ಲಿ ಏಳರಲ್ಲಿ ಐದು ಖರ್ಚಾದವು. ನೆಲ ಒಡೆದಾಗ ಹಳೆಯ ಬೀಡು ಕಬ್ಬಿಣದ ಪೈಪು ಸೀಳಿದ್ದು ಕಂಡಿತು, ಅದಕ್ಕೆ ಎರಡು. ಗ್ರಾನೈಟ್ ಲಾರಿ ಸಂಜೆಯ ದಟ್ಟಣೆಯ ನಿರ್ಬಂಧದಲ್ಲಿ ಸಿಕ್ಕಿ ಒಂದು ದಿನ ಹೋಯಿತು. ಮೇಲಿನ ಮಹಡಿಯವರು ಮಧ್ಯಾಹ್ನ 2ರಿಂದ 4ರವರೆಗೆ ಒಡೆಯಬಾರದು ಎಂದು ಕಟ್ಟಡದ ನಿವಾಸಿಗಳ ಸೊಸೈಟಿಯ ನಿಯಮ ತೋರಿಸಿದ್ದರಿಂದ ಉಳಿದದ್ದು ಹೋಯಿತು. ಆ ನಿಯಮವನ್ನು ನಾನು ಮೊದಲೇ ಕೇಳಿಕೊಳ್ಳಬೇಕಾಗಿತ್ತು.

ಹಬ್ಬಗಳನ್ನು ಹಲಗೆಯ ಮೇಲೆ ಮೇಲಿನಿಂದ ಕೆಳಕ್ಕೆ ಗೆರೆಯಾಗಿ ಮೊದಲೇ ಎಳೆದುಬಿಡಿ. ಗಣಪತಿಗೆ ಕೊಂಕಣದವರು, ದೀಪಾವಳಿ ಮುಗಿಯುತ್ತಲೇ ಛಠ್‌ಗೆ ಬಿಹಾರದವರು, ಜೂನ್ ಮಧ್ಯದಲ್ಲಿ ಬರುವ ‘ರಜ’ ಎಂಬ ತಮ್ಮ ಹಬ್ಬಕ್ಕೆ ಒಡಿಶಾದವರು ಹೊರಟುಬಿಡುತ್ತಾರೆ. ಹೋಗುತ್ತೀಯಾ ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ. ನಾನು ರೈಲಿನ ಟಿಕೆಟ್ ತೋರಿಸು ಎನ್ನುತ್ತೇನೆ. ಹಿಂದೆ 120 ದಿನ ಮೊದಲೇ ಬುಕಿಂಗ್ ಆಗುತ್ತಿತ್ತು, ಆದ್ದರಿಂದ ನಾಲ್ಕು ತಿಂಗಳ ಚಿತ್ರ ಸಿಗುತ್ತಿತ್ತು. 2024ರ ನವೆಂಬರಿನಿಂದ ಅದು 60 ದಿನಕ್ಕೆ ಇಳಿದಿದೆ. ಈಗ ಎರಡು ತಿಂಗಳಿಗೊಮ್ಮೆ ಕೇಳಬೇಕಾಗುತ್ತದೆ. ಚೆಂಬೂರಿನ ಕೆಲಸವನ್ನು ಸಂಕ್ರಾಂತಿ ಕಳೆದು ಹಿಡಿದು ಹೋಳಿ ಹಬ್ಬಕ್ಕೆ ಮುನ್ನ ಮುಗಿಸಿದ್ದು ಈ ಲೆಕ್ಕದಿಂದಲೇ. ಮಳೆಗಾಲದ ಮಾತಂತೂ ಬೇರೆಯೇ. ಜುಲೈಯಲ್ಲಿ ಮರಕ್ಕೆ ಮೆಲಮೈನ್ ಪಾಲಿಶ್ ಹೊಡೆಸಿ ಅದು ಬೆಳ್ಳಗೆ ಮಬ್ಬಾಗಿ, ಪೂರ್ತಿ ಉಜ್ಜಿಸಿದ್ದೇನೆ. ಆ ತಿಂಗಳುಗಳಲ್ಲಿ ಉಪ್ಪುಕಾಗದದ ಪಟ್ಟಿಗಳನ್ನು ಎರಡರಷ್ಟು ಉದ್ದ ಮಾಡುತ್ತೇನೆ.

ಕೆಳಗಿನ ಸಾಲು ಹಣದ್ದು, ಆದರೆ ಅದು ಹಲಗೆಯ ಮೇಲಿಲ್ಲ, ನನ್ನ ಡೈರಿಯಲ್ಲಿದೆ. ಅದೇ ದಿನಗಳು, ಅದೇ ಪಟ್ಟಿಗಳು, ಒಂದೊಂದರ ಕೆಳಗೆ ಹೋಗುವ ಹಣ. ಮೂರನೆಯ ವಾರದಲ್ಲಿ ಗ್ರಾನೈಟ್, ಹುಡ್, ಪ್ಲೈವುಡ್ ಮೂರೂ ಒಟ್ಟಿಗೆ ಬಿದ್ದು ಸುಮಾರು ಎರಡೂಕಾಲು ಲಕ್ಷ ಕಡಿಮೆ ಬೀಳುತ್ತದೆ ಎಂದು ಕೆಲಸ ಹಿಡಿಯುವ ಮೊದಲೇ ಕಂಡಿತು. ಎರಡನೆಯ ಕಂತನ್ನು 20ರ ಬದಲು 14ನೆಯ ದಿನಕ್ಕೆ ಬರೆಸಿಕೊಂಡೆ. ಬಡ್ಡಿಗೆ ಹಣ ತರದೆ ಮುಗಿಸಿದ ಮೊದಲ ದೊಡ್ಡ ಕೆಲಸ ಅದು.

ಇದೇ ಹುರುಪಿನಲ್ಲಿ ನಮ್ಮ ಕನ್ನಡ ಸಂಘದ ರಾಜ್ಯೋತ್ಸವದ ನಾಟಕಕ್ಕೂ ಹಲಗೆ ಹಾಕಿದೆ. ನಡೆಯಲಿಲ್ಲ. ಮುಂಬೈಯ ಹೊರವಲಯದ ವಿರಾರಿನಿಂದ, ಕಲ್ಯಾಣದಿಂದ ಕಚೇರಿ ಮುಗಿಸಿ ಬರುವ ನಟರಿಗೆ ಪಟ್ಟಿ ಸರಿಸುವ ಪುರುಸೊತ್ತಿಲ್ಲ, ಸರಿಸದವರಿಗೆ ತಡೆಹಿಡಿಯಲು ನನ್ನ ಬಳಿ ಖರ್ಚಿಯೂ ಇಲ್ಲ. ಆದರೆ ಹೋಟೆಲ್ ಮತ್ತೆ ತೆರೆಯುವ ದಿನಕ್ಕೆ ಅಡುಗೆಮನೆಯ ಚಾರ್ಟ್ ಮಾಡಿದ್ದು ಚೆನ್ನಾಗಿ ಒದಗಿತು. ಮುಖ್ಯ ಅಡುಗೆಯವರು ಹಲಗೆ ನೋಡಿದ ತಕ್ಷಣ ಉಪ್ಪುಕಾಗದದ ಉದ್ದನೆಯ ತುಂಡು ಕೇಳಿ ಪಡೆದು, ದೋಸೆಹಿಟ್ಟು ಹುದುಗುವ ರಾತ್ರಿಯ ಹೊತ್ತಿಗೆ ತಾವೇ ಅಂಟಿಸಿದರು. ಗ್ರೈಂಡರಿಗೆ ಕರೆಂಟ್ ಹಿಂದಿನ ಮಧ್ಯಾಹ್ನವೇ ಬೇಕು ಎಂದು ವೈರ್‌ಮನ್‌ಗೆ ತಿಳಿದದ್ದು ಆ ತುಂಡಿನಿಂದ.

ಈಗ ಠಾಣೆ ನಗರದಲ್ಲಿ ಕೆಲಸ ನಡೆದಿದೆ, ದಾರ 19ನೆಯ ದಿನದಲ್ಲಿದೆ. ಮಾವ ಕಳೆದ ವಾರ ಬಂದಿದ್ದರು. ಹಲಗೆಯ ಮುಂದೆ ಬಹಳ ಹೊತ್ತು ನಿಂತರು. ಬಣ್ಣಕ್ಕೆ ಮೊದಲು ಗೋಡೆ ಒಣಗಲು ಇಟ್ಟಿದ್ದ ಉಪ್ಪುಕಾಗದದ ಪಟ್ಟಿಯನ್ನು ಬೆರಳಿನಿಂದ ಸವರಿ, "ಇದು ಉತ್ತರದ ಗೋಡೆ, ಬಿಸಿಲು ಬೀಳುವುದಿಲ್ಲ. ಇನ್ನೆರಡು ದಿನ ಹಾಕು" ಎಂದರು. ಮೂರು ಇಂಚು ಕತ್ತರಿಸಿ ತಂದೆ. ಅವರೇ ಅಂಟಿಸಿದರು.